ನೆಟ್ಟಗಿನ ಹೊಲಿಗೆ

ಅಮ್ಮಾಜಮ್ಮನ ಕೈಹೊಲಿಗೆಯನ್ನು ಹೊಗಳುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಪಾಪ, ಅವರಿಗೆ ಬಾಯಿ ತೆರೆಯುವ ಅವಕಾಶವೇ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮಾಜಮ್ಮ ತಾನೇ ಹೊಗಳಿಕೊಂಡು ಮುಗಿಸಿರುತ್ತಿದ್ದಳು. "ಬೊಂತೆ ಅಂದ್ರೆ ಹಳೇ ಬಟ್ಟೆ ಗಂಟಲ್ಲ ಕಣ್ರಮ್ಮ. ಹೊಲಿಗೆ ಸಾಲು ನೋಡಿದ್ರೆ ದಾರ ಹಿಡ್ದು ಗೆರೆ ಎಳ್ದಂಗಿರ್ಬೇಕು," ಎಂದು ನೀರಿಗೆ ಬಂದ ಹೆಂಗಸರ ಮುಂದೆ ಹೇಳುತ್ತಿದ್ದಳು. ಹೇಳಿದ ಮೇಲೆ ಒಂದು ಮಾತು ಮಾತ್ರ ತಪ್ಪದೆ ಸೇರಿಸುತ್ತಿದ್ದಳು: "ನಮ್ಮಕ್ಕನ ಹೊಲಿಗೆನೂ ಅಷ್ಟೇ."

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ ಮುನಿಗಂಗಮ್ಮ. ಅಣ್ಣ ವೆಂಕಟರವಣಪ್ಪನ ಹೆಂಡತಿ ಅವಳು, ತಮ್ಮ ಚನ್ನಕೇಶವನ ಹೆಂಡತಿ ಇವಳು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಸಿಗುವ ಊರು. ಮಾಳಿಗೆ ಹತ್ತಿದರೆ ಅಂಬಾಜಿದುರ್ಗ ಕಾಣುತ್ತದೆ. ಅಣ್ಣತಮ್ಮಂದಿರು ಭಾಗವಾದಾಗ ನಡುಮನೆಗೆ ಅಡ್ಡಗೋಡೆ ಎಬ್ಬಿಸಿದ್ದರು, ಅದರಲ್ಲಿ ಒಂದು ಬಾಗಿಲು ಬಿಟ್ಟಿದ್ದರು. ಒಲೆ ಎರಡಾದವು, ರೇಷ್ಮೆ ಹುಳದ ಮನೆ ಮಾತ್ರ ಒಂದೇ ಉಳಿಯಿತು. ಹುಳಕ್ಕೆ ಸೊಪ್ಪು ಹಾಕುವಾಗ ಇಬ್ಬರು ಹೆಂಗಸರೂ ಅಕ್ಕಪಕ್ಕ ನಿಲ್ಲುತ್ತಿದ್ದರು. ಗೋಡೆಯ ಬಾಗಿಲಿಗೆ ಅಗುಳಿ ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

ಕೌದಿಯಂಥ ಈ ಬೊಂತೆ ಹೊಲಿಯುವುದನ್ನು ಇಬ್ಬರಿಗೂ ಕಲಿಸಿದ್ದು ಒಬ್ಬಳೇ ಅತ್ತೆ. ಆ ಮುದುಕಿ ಬಹಳ ಗಟ್ಟಿ ಹೆಂಗಸು. ಆಂಧ್ರದ ಕಡೆಯಿಂದ ಬಂದವಳು, ಕೋಪ ಬಂದರೆ ತೆಲುಗು, ಬಾರದಿದ್ದರೆ ಕನ್ನಡ. ಅವಳ ಪದ್ಧತಿಯಲ್ಲಿ ಬೊಂತೆಗೆ ಇಬ್ಬರು ಕೂರಬೇಕು. ಹಳೇ ಸೀರೆ, ಪಂಚೆ, ಸವೆದ ಕಂಬಳಿ ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಸುಕ್ಕಿಲ್ಲದಂತೆ ಎಳೆದು, ಅಂಚಿಗೆ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಒಬ್ಬಳು ತಲೆಯ ಕಡೆಯಿಂದ, ಇನ್ನೊಬ್ಬಳು ಕಾಲಿನ ಕಡೆಯಿಂದ ಸಾಲು ಹೊಲಿಯುತ್ತಾ ಬರಬೇಕು. ನಡುವಿನ ಕಡೇ ಸಾಲನ್ನು ಎರಡು ತುದಿಯಿಂದ ಇಬ್ಬರೂ ಹೊಲಿದು, ಸೇರಿದ ಕಡೆ ಒಂದೇ ಗಂಟು ಹಾಕಬೇಕು. ಸಾಲು ಶುರುವಾಗುವಲ್ಲಿ ಜೋಡಿಗಂಟು. ಒಂದೇ ಕೈಯಲ್ಲಿ ಪಳಗಿದ್ದರಿಂದ ಇಬ್ಬರ ಹೊಲಿಗೆಯೂ ಎಷ್ಟು ಒಂದೇ ಥರ ಇತ್ತೆಂದರೆ, ಮುಗಿದ ಬೊಂತೆಯಲ್ಲಿ ಯಾವುದು ಯಾರ ಅರ್ಧ ಎಂದು ಅತ್ತೆಗೇ ಗೊತ್ತಾಗುತ್ತಿರಲಿಲ್ಲ.

ಅತ್ತೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದಳು, ಅದೂ ಕಿರಿಸೊಸೆಗೆ ಮಾತ್ರ. "ದೊಡ್ಡೋಳು ತಪ್ಪು ಮಾಡಿದ್ರೆ ಎತ್ತಿ ಆಡ್ಬೇಡ. ಸದ್ದಿಲ್ದೆ ಸರಿ ಮಾಡ್ಬಿಡು. ಮನೆ ಮರ್ಯಾದೆ ಉಳಿಯೋದು ಹಂಗೆ." ಸಾರಿಗೆ ಉಪ್ಪು ಕಡಿಮೆಯಾದರೆ ಅಮ್ಮಾಜಮ್ಮ ಯಾರಿಗೂ ಕಾಣದಂತೆ ಉಪ್ಪು ಹಾಕುತ್ತಿದ್ದಳು. ಮೂವತ್ತು ವರ್ಷ ಅದೇ ನಡೆಯಿತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದನ್ನು ಅವಳು ಬಂಗಾರದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಕೋಲಾರ ಒಡೆದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ವರ್ಷ. ಕಾರ್ತೀಕ ಬಂತು, ಚಳಿಯೂ ಬಂತು. ಅಮ್ಮಾಜಮ್ಮನ ಒಬ್ಬಳೇ ಮಗಳು ಯಾಮಿನಿ ಚಿಂತಾಮಣಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಮಗು ಹುಟ್ಟುವುದು ಚಳಿ ಬಿಡುವ ಮೊದಲೇ. ಬೊಂತೆ ಆಗಲೇಬೇಕು. ಎಳೆಮಗುವಿಗೆ ಹೊಸ ಬಟ್ಟೆ ಸೋಕಿಸುವುದಿಲ್ಲ, ಬಾಳಿದವರು ಉಟ್ಟು ಮೆತ್ತಗಾದದ್ದೇ ಬೇಕು. ಅಮ್ಮಾಜಮ್ಮ ಪೆಟ್ಟಿಗೆ ತೆಗೆದು ಅತ್ತೆಯ ನೂಲು ಸೀರೆ, ಗಂಡನ ಪಂಚೆ ಎಲ್ಲ ಹುಡುಕಿ ಹಾಸುತ್ತಿರುವಾಗ ಗೋಡೆಯ ಬಾಗಿಲಿನಿಂದ ಮುನಿಗಂಗಮ್ಮ ಬಂದಳು. ಕೈಯಲ್ಲಿ ಮಡಿಸಿದ ರೇಷ್ಮೆ ಸೀರೆ.

"ಇದು ಮೇಲ್ಹೊದಿಕೆಗೆ," ಎಂದಳು.

ನೋಡಿದರೆ ಅವಳ ಧಾರೆ ಸೀರೆ. ಅವಳ ತವರಿನವರು ತಾವೇ ಬೆಳೆದ ಗೂಡಿನ ನೂಲು ಕೊಟ್ಟು ನೇಯಿಸಿದ್ದು. ಮಡಿಕೆಗಳ ಹತ್ತಿರ ಅಲ್ಲಲ್ಲಿ ಸವೆದಿತ್ತು, ಮೈಬಣ್ಣ ಮಾತ್ರ ಅರಿಶಿನ ಕಲೆಸಿದ ಹಾಲಿನ ಹಾಗೆ ಇನ್ನೂ ಹೊಳೆಯುತ್ತಿತ್ತು.

"ಅಯ್ಯೋ ಅಕ್ಕ, ಇದ್ಯಾಕೆ? ರೇಷ್ಮೆಗೆ ಸೂಜಿ ಚುಚ್ಚಿದ್ರೆ ತೂತು ಮುಚ್ಚಲ್ಲ. ತಪ್ಪಿದ್ರೆ ಬಿಚ್ಚಿ ಹೊಲಿಯೋಕೂ ಆಗಲ್ಲ, ಗುರ್ತು ಉಳ್ಕೊಂಡ್ಬಿಡುತ್ತೆ."

"ತಪ್ಪಿದ್ರೆ ತಾನೇ?" ಎಂದು ಮುನಿಗಂಗಮ್ಮ ನಕ್ಕಳು. "ನಾವಿಬ್ರೂ ಯಾವತ್ತು ತಪ್ಪಿದೀವೇ ಅಮ್ಮಾಜಿ?"

ಆಗ ಅಮ್ಮಾಜಮ್ಮನ ಕಣ್ಣು ತುಂಬಿ ಬಂದದ್ದು ನಿಜ. ಆದರೆ ಮನಸ್ಸು ಎಂಬುದು ಒಂದೇ ಕಡೆ ನಿಲ್ಲುವ ವಸ್ತುವಲ್ಲ. ಅದರ ಮೂಲೆಯಲ್ಲಿ ಒಂದು ಹಳೇ ಮುಳ್ಳಿತ್ತು. ವಿದುರಾಶ್ವತ್ಥದ ಹತ್ತಿರ ಮುನಿಗಂಗಮ್ಮನ ತವರು. ಅಲ್ಲಿ ಅವಳ ಅಣ್ಣನ ಮಗ ಕನಕರಾಜ್‌ಗೆ ಯಾಮಿನಿಯನ್ನು ತಂದುಕೊಳ್ಳಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಅಮ್ಮಾಜಮ್ಮ ಒಪ್ಪದೆ ಮಗಳನ್ನು ಚಿಂತಾಮಣಿಗೆ ಕೊಟ್ಟಳು. ಮುನಿಗಂಗಮ್ಮ, "ಪೋನೀಲೇ," ಎಂದಳು. ಹೋಗಲಿ ಬಿಡು ಎಂಬುದಕ್ಕೆ ಅತ್ತೆಯಿಂದ ಕಲಿತ ತೆಲುಗು ಅದು, ಅವಳು ಎಲ್ಲದಕ್ಕೂ ಅದನ್ನೇ ಹೇಳುತ್ತಿದ್ದಳು. ಹಾಲು ಒಡೆದರೆ ಪೋನೀಲೇ, ಗೂಡಿನ ರೇಟು ಬಿದ್ದರೆ ಪೋನೀಲೇ, ಮಗ ಸುನೀಲ್‌ಕುಮಾರ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗಲೂ ಪೋನೀಲೇ. ಹೇಳಿ ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು. ಆದರೆ ಮದುವೆಯ ವಿಷಯದಲ್ಲಿ ಅವಳು ಅಷ್ಟು ಸಲೀಸಾಗಿ ಬಿಟ್ಟಿರುತ್ತಾಳೆ ಎಂದು ಅಮ್ಮಾಜಮ್ಮ ನಂಬಲಿಲ್ಲ. ಕಾರಣ ಇಷ್ಟೇ: ತಾನಾಗಿದ್ದರೆ ಬಿಡುತ್ತಿರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಜಗುಲಿಯ ಮೇಲೆ ಬೊಂತೆ ಹಾಸಿ ಇಬ್ಬರೂ ಕೂತರು. ಮುನಿಗಂಗಮ್ಮ ತಲೆಯ ಕಡೆ, ಅಮ್ಮಾಜಮ್ಮ ಕಾಲಿನ ಕಡೆ.

"ದಾರ ಪೋಣಿಸ್ಕೊಡೇ," ಎಂದಳು ಮುನಿಗಂಗಮ್ಮ.

ಕೊಟ್ಟಳು. ಇನ್ನೊಂದು ಸಾಲಿಗೆ ಮತ್ತೆ, "ಪೋಣಿಸ್ಕೊಡೇ." ಎಂದೂ ಬೇರೆಯವರ ಕೈಗೆ ಸೂಜಿ ಕೊಡದವಳು ಇದೇನು ಇವಳ ಸೋಗು ಎಂದುಕೊಂಡಳು ಅಮ್ಮಾಜಮ್ಮ. ಆ ದಿನಗಳಲ್ಲಿ ಅಕ್ಕನ ಬೇರೆ ಕೆಲಸಗಳೂ ಹಾಗೇ ಆಗಿದ್ದವು. ಗೂಡು ಆರಿಸುವಾಗ ಕಲೆ ಹತ್ತಿದ್ದನ್ನೂ ಒಳ್ಳೇ ರಾಶಿಗೆ ಎಸೆಯುತ್ತಿದ್ದಳು. ಅವಳ ಅನ್ನದಲ್ಲಿ ಕಲ್ಲು ಸಿಗುತ್ತದೆಂದು ವೆಂಕಟರವಣಪ್ಪ ಗೊಣಗುತ್ತಿದ್ದ. ಸಕ್ಕರೆ ಕಾಯಿಲೆಗೆ ಅವಳು ಮಾತ್ರೆ ನುಂಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಆ ಕಾಯಿಲೆ ಕಣ್ಣಿಗೂ ಕೈ ಹಾಕುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಬೊಂತೆ ಮಡಿಸುವಾಗ ಅಮ್ಮಾಜಮ್ಮ ಅಕ್ಕನ ಅರ್ಧ ನೋಡಿದಳು. ಸಾಲು ನೆಟ್ಟಗೆ ಹೊರಟಿತ್ತು. ನಡುವೆ ಬರುವ ಹೊತ್ತಿಗೆ ಕೆಳಕ್ಕೆ ಜಾರಿ, ಹೊಟ್ಟೆ ಬಿಟ್ಟುಕೊಂಡು, ಆಮೇಲೆ ಮತ್ತೆ ಮೇಲೆದ್ದು ನೆಟ್ಟಗಾಗಿತ್ತು. ಒಂದು ಸಾಲಾದರೆ ಕೈತಪ್ಪು ಎನ್ನಬಹುದು. ಮಾರನೇ ದಿನದ ಸಾಲುಗಳೂ ಹಾಗೇ. ಅದರಾಚೆ ದಿನದವೂ ಹಾಗೇ, ಅದೇ ಜಾಗದಲ್ಲಿ, ಅದೇ ಹೊಟ್ಟೆ.

ಅಮ್ಮಾಜಮ್ಮನ ತಲೆಯಲ್ಲಿ ಲೆಕ್ಕ ಕೂಡಿತು. ಕೈ ತಪ್ಪಿದರೆ ಒಂದೊಂದು ಕಡೆ ಒಂದೊಂದು ಥರ ತಪ್ಪಬೇಕು. ಪ್ರತಿ ಸಾಲೂ ಒಂದೇ ಕಡೆ ಸೊಟ್ಟಗಾಗುವುದು ಬೇಕಂತ ಮಾಡಿದರೆ ಮಾತ್ರ. ಹೊರಗೆ ಧಾರೆ ಸೀರೆ ಕೊಟ್ಟು ಊರ ಮುಂದೆ ದೊಡ್ಡವಳಾದಳು, ಒಳಗಿನ ಹೊಟ್ಟೆಕಿಚ್ಚನ್ನು ನನ್ನ ಮಗಳ ಮಗುವಿನ ಬೊಂತೆಗೆ ಹೊಲಿಯುತ್ತಿದ್ದಾಳೆ! ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ. ಅಮ್ಮಾಜಮ್ಮನ ಕಣ್ಣು ಚೆನ್ನಾಗಿಯೇ ಇತ್ತು, ಕಾಮಾಲೆ ಇದ್ದದ್ದು ಬೇರೆ ಕಡೆ.

ಅಷ್ಟರಲ್ಲಿ ಮುನಿಗಂಗಮ್ಮನ ಅಣ್ಣನ ಮನೆಯಲ್ಲಿ ಗೃಹಪ್ರವೇಶ. ಅವಳು ಕೆಲವು ದಿನಕ್ಕೆಂದು ತವರಿಗೆ ಹೋದಳು. ಅವಳ ಪಾಲಿನ ಅರ್ಧ ಮುಗಿದಿತ್ತು, ನಡುವಿನ ಕಡೇ ಸಾಲು ಬಾಕಿ. ಬಸ್ಸು ಊರು ದಾಟಿತೋ ಇಲ್ಲವೋ, ಅಮ್ಮಾಜಮ್ಮ ಬ್ಲೇಡು ಹಿಡಿದು ಕೂತಳು.

ಚನ್ನಕೇಶವ ಹೊಲದಿಂದ ಬಂದವನು ನೋಡಿ ದಂಗಾದ. "ಏನೇ ಇದು, ಅತ್ತಿಗೆ ಹೊಲಿದಿದ್ದನ್ನ ಬಿಚ್ತಾ ಇದ್ದೀಯ?"

"ಕಣ್ಣಿಲ್ವಾ ನಿಮ್ಗೆ? ನೋಡಿ ಹೆಂಗೈತೆ. ಬೀಗರು ನೋಡಿದ್ರೆ ನಗ್ತಾರೆ."

"ಅವ್ರು ಬರ್ಲಿ. ಒಂದು ಮಾತು ಕೇಳು. ಯಾಕೆ ಹಿಂಗಾಯ್ತು ಅಂತ."

"ದೊಡ್ಡೋಳಿಗೆ ನಿನ್ನ ಹೊಲಿಗೆ ಸೊಟ್ಟ ಅನ್ನೋ ಬಾಯಿ ನಂಗಿಲ್ಲಪ್ಪ. ಅತ್ತೆ ನಂಗೆ ಅದನ್ನ ಕಲಿಸಿಲ್ಲ," ಎಂದು ಅಮ್ಮಾಜಮ್ಮ ಒಂದು ಸಾಲಿನ ದಾರ ಸರ್ರನೆ ಎಳೆದಳು. ಚನ್ನಕೇಶವ ಕಾಲು ತೊಳೆಯಲು ಹೋದ. ಹೆಂಗಸರ ಬೊಂತೆಯಲ್ಲಿ ಗಂಡಸಿಗೇನು ಕೆಲಸ ಎಂದು ಅವನಿಗೂ ಅನ್ನಿಸಿರಬೇಕು.

ಒಂದು ವಿಷಯಕ್ಕೆ ಅವಳನ್ನು ಮೆಚ್ಚಬೇಕು, ಮೆಚ್ಚಿದ್ದಕ್ಕೆ ಅಳಲೂ ಬೇಕು. ಅಕ್ಕನ ಮನಸ್ಸಿಗೆ ನೋವಾಗದಿರಲಿ ಎಂದು ಆ ಅರ್ಧವನ್ನು ಅವಳು ಅಕ್ಕ ಹೊಲಿದ ಹಾಗೇ ಹೊಲಿದಳು. ಅಕ್ಕನ ಕಡೆಯಿಂದಲೇ ಸಾಲು ಹೊರಡಿಸಿದಳು, ಜೋಡಿಗಂಟನ್ನು ಅಕ್ಕನ ಹಾಗೆ ಒಳಕ್ಕೆ ಮುಚ್ಚಿದಳು, ದಾರವೂ ಅದೇ ಉಂಡೆಯದು. ಮುಗಿದಾಗ ಸಾಲುಗಳು ನೇಗಿಲು ಹೊಡೆದಂತೆ ನೆಟ್ಟಗಿದ್ದವು. ರೇಷ್ಮೆಯ ಮೇಲೆ ಹಳೇ ಸೂಜಿಯ ತೂತುಗಳು ಮಾತ್ರ ಸಣ್ಣಗೆ ಉಳಿದವು. ಇರಲಿ, ಯಾರು ಹುಡುಕಿಕೊಂಡು ನೋಡುತ್ತಾರೆ ಎಂದು ಮಡಿಸಿಟ್ಟಳು.

ಮುನಿಗಂಗಮ್ಮ ತವರಿನಿಂದ ಬಂದ ಮಾರನೇ ದಿನ ಕಡೇ ಸಾಲಿಗೆ ಕೂತರು. ಕೂತವಳು ಸೂಜಿ ಕೇಳಲಿಲ್ಲ. ಬೊಂತೆಯ ಮೇಲೆ ಅಂಗೈ ಇಟ್ಟಳು. ತಾನು ಹೊಲಿದಿದ್ದೇನೆಂದು ತಿಳಿದಿದ್ದ ಅರ್ಧದ ಮೇಲೆ, ಒಂದೊಂದು ಸಾಲನ್ನೂ ತೋರುಬೆರಳಿನಲ್ಲಿ ಹಿಡಿದು, ಈ ತುದಿಯಿಂದ ಆ ತುದಿಗೆ ಹೋದಳು. ಬಹಳ ಹೊತ್ತು ಹಾಗೇ ಮಾಡಿದಳು.  ಗೊತ್ತಾಯಿತು, ಈಗ ಬೈಯುತ್ತಾಳೆ ಎಂದುಕೊಂಡಳು ಅಮ್ಮಾಜಮ್ಮ.

ಮುನಿಗಂಗಮ್ಮ ತಲೆ ಎತ್ತಿದಾಗ ಮುಖ ಅರಳಿತ್ತು. "ನೆಟ್ಟಗೇ ಬಿದ್ದೈತೆ ಕಣೇ."

"ಇನ್ನೆಂಗೆ ಬೀಳುತ್ತೆ ಅಕ್ಕ?"

"ಅಲ್ಲ... ಏನೋ ಅಂದ್ಕೊಂಡಿದ್ದೆ. ಪೋನೀಲೇ." ಅವಳು ಹಗುರಾಗಿ ಉಸಿರು ಬಿಟ್ಟಳು. "ನಮ್ಮಣ್ಣ ಭಾನುವಾರ ಬಂದು ಎಲ್ಲಿಗೋ ಕರ್ಕೊಂಡೋಗ್ತೀನಿ ಅಂದಿದ್ದ. ಬೇಡ ಅಂತ ಫೋನ್ ಮಾಡ್ಸಿಬಿಡ್ತೀನಿ. ಸುಮ್ನೆ ಅವ್ನಿಗ್ಯಾಕೆ ತೊಂದ್ರೆ."

ಎಲ್ಲಿಗೆ ಎಂದು ಅಮ್ಮಾಜಮ್ಮ ಕೇಳಲಿಲ್ಲ. ಬೇಕಂತ ಸೊಟ್ಟ ಹೊಲಿದೂ ಏನೂ ಗೊತ್ತಿಲ್ಲದವಳ ಹಾಗೆ ಹೇಗೆ ಆಡುತ್ತಾಳೆ ನೋಡು ಎಂದು ಒಳಗೇ ನಕ್ಕಳು. ಇಬ್ಬರೂ ಎರಡು ತುದಿಯಿಂದ ಹೊಲಿಯುತ್ತಾ ಬಂದು ನಡುವೆ ಸೇರಿ ಗಂಟು ಹಾಕಿದರು. ಕಡೇ ಸಾಲಿನಲ್ಲಿ ಅಕ್ಕನ ಕಡೆಯದು ಕೊಂಚ ಜಾರಿತ್ತು. ಅಷ್ಟು ಒಂದನ್ನು ಅಮ್ಮಾಜಮ್ಮ ಹಾಗೇ ಬಿಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಯಾಮಿನಿಗೆ ಹೆಣ್ಣುಮಗು ಹುಟ್ಟಿತು. ಬೊಂತೆಯಲ್ಲಿ ಸುತ್ತಿಕೊಂಡು ಕೆಂಪಗೆ ಮಲಗಿದ್ದ ಅದನ್ನು ನೋಡಲು ಬಂದವರೆಲ್ಲ ಮಗುವಿನಷ್ಟೇ ಬೊಂತೆಯನ್ನೂ ನೋಡಿ ಹೊಗಳಿದರು. ಮುನಿಗಂಗಮ್ಮ ಮಾತ್ರ ಈಗ ಗೋಡೆಯ ಬಾಗಿಲು ದಾಟುವಾಗ ಚೌಕಟ್ಟು ಹಿಡಿದು ದಾಟುತ್ತಿದ್ದಳು. ಕೇಳಿದರೆ, "ಮಂಡಿ ನೋವು ಕಣಮ್ಮ," ಎನ್ನುತ್ತಿದ್ದಳು.

ಯುಗಾದಿಯ ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಆಯಿತು. ದೃಷ್ಟಿಬೊಟ್ಟು ಇಡುವುದು ಯಾವತ್ತೂ ದೊಡ್ಡಮ್ಮನ ಕೆಲಸ. ಮುನಿಗಂಗಮ್ಮ ತಾನೇ ಮಾಡಿದ ಕಾಡಿಗೆಯಲ್ಲಿ ಬೆರಳದ್ದಿ, ಮಗುವಿನ ಕೆನ್ನೆಗೆ ಇಡಲು ಬಗ್ಗಿದಳು. ಬೆರಳು ಹೋಗಿ ಮಗುವಿನ ಕಣ್ಣಿಗೇ ತಗುಲಿತು. ಮಗು ಚೀರಿತು. ಅವಳು ಗಾಬರಿಯಾಗಿ ಇನ್ನೊಂದು ಸಲ ತಡವಿದಳು, ಈ ಸಲ ಬಾಯಿಗೆ ಬಳಿದಳು.

ಯಾಮಿನಿ ಮಗುವನ್ನು ಎತ್ತಿಕೊಂಡು ದೊಡ್ಡಮ್ಮನ ಮುಖವನ್ನೇ ದಿಟ್ಟಿಸಿದಳು. "ದೊಡ್ಡಮ್ಮ, ನಿಂಗೆ ಕಾಣಿಸ್ತಾ ಇಲ್ವಾ?"

ಮುನಿಗಂಗಮ್ಮ ಕಾಡಿಗೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಮುಖದ ಅಂಚು ಕಾಣುತ್ತೆ ಕಣಮ್ಮ. ನಡುವೆ ಏನೂ ಇಲ್ಲ."

ಆ ವಾರವೇ ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಬಸ್ಸಿನಲ್ಲಿ ಮುನಿಗಂಗಮ್ಮ ಕಿಟಕಿಯ ಪಕ್ಕ ಕೂತು, ಹಿಪ್ಪುನೇರಳೆ ತೋಟಗಳ ಕಡೆ ಮುಖ ಮಾಡಿಕೊಂಡೇ ಇದ್ದಳು. ಅವಳ ಕೈ ಮಾತ್ರ ಅಮ್ಮಾಜಮ್ಮನ ಮೊಣಕೈ ಹಿಡಿದಿತ್ತು.

ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಔಷಧಿ ಹಾಕಿಸಿ, ಸ್ವಲ್ಪ ಹೊತ್ತು ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆ ಊದ್ಕೊಂಡಿತ್ತಮ್ಮ. ಆಮೇಲೆ ರಕ್ತ ಸೋರಿದೆ. ಈಗ ಪರದೆಯೇ ಹಾಳಾಗಿದೆ. ನಾಲ್ಕೈದು ತಿಂಗಳ ಹಿಂದೆ ಬಂದಿದ್ರೆ ಲೇಸರ್ ಮಾಡಿ ಇದ್ದಷ್ಟು ಉಳಿಸ್ಕೋಬಹುದಿತ್ತು. ಆಗ ಏನೂ ಗೊತ್ತಾಗ್ಲಿಲ್ವಾ? ನೆಟ್ಟಗಿರೋ ಗೆರೆ ಸೊಟ್ಟಗೆ ಕಾಣೋದು, ಹಂಗೇನಾದ್ರೂ?"

ಅವರು ಗೋಡೆಯ ಮೇಲಿನ ಒಂದು ಹಾಳೆ ತೋರಿಸಿದರು. ಬರೀ ಚೌಕಗಳು, ಅಡ್ಡ ಗೆರೆ, ಉದ್ದ ಗೆರೆ. "ಇಂಥ ಗೆರೆ ಆವಾಗ ನಿಮಗೆ ಹೆಂಗೆ ಕಾಣ್ತಿತ್ತು, ನೆನಪಿದ್ರೆ ಬೆರಳಲ್ಲಿ ತೋರ್ಸಿ."

ಮುನಿಗಂಗಮ್ಮ ಮೇಜಿನ ಮೇಲೆ ಬೆರಳಿಟ್ಟು ಎಳೆದಳು. ಬೆರಳು ನೆಟ್ಟಗೆ ಹೊರಟಿತು. ನಡುವೆ ಬರುವ ಹೊತ್ತಿಗೆ ಕೆಳಕ್ಕೆ ಜಾರಿತು, ಹೊಟ್ಟೆ ಬಿಟ್ಟುಕೊಂಡಿತು, ಮತ್ತೆ ಮೇಲೆದ್ದು ನೆಟ್ಟಗಾಯಿತು.

ಪಕ್ಕದ ಸ್ಟೂಲಿನ ಮೇಲಿದ್ದ ಅಮ್ಮಾಜಮ್ಮ ಆ ಬೆರಳನ್ನು ನೋಡಿದಳು.  ಆ ಗೆರೆ ಅವಳಿಗೆ ಗೊತ್ತಿತ್ತು. ತನ್ನ ಕೈಯಾರೆ ಒಂದೊಂದೇ ಎಳೆದು ಬಿಚ್ಚಿ, ದಾರ ಸುತ್ತಿ ಕಸಕ್ಕೆ ಎಸೆದಿದ್ದ ಗೆರೆ ಅದು.

"ಹಂಗೆ ಕಾಣ್ತಿತ್ತು ಸಾರ್," ಎನ್ನುತ್ತಿದ್ದಳು ಮುನಿಗಂಗಮ್ಮ. "ಕಾರ್ತೀಕದಲ್ಲೇ ಅನುಮಾನ ಬಂತು. ಸೊಪ್ಪಿನ ಸಾಲು, ಬಾಗಿಲು, ಎಲ್ಲಾ ನಡುವೆ ಬಗ್ಗಿದಂಗೆ. ಸೂಜಿ ಕಣ್ಣೂ ಕಾಣ್ತಿರ್ಲಿಲ್ಲ. ಯಾರಿಗೂ ಹೇಳ್ಲಿಲ್ಲ, ಬಾಣಂತಿ ಬರೋ ಮನೇಲಿ ನಂದೊಂದು ಯಾಕೆ ಅಂತ. ನಮ್ಮಣ್ಣನ ಹತ್ರ ಮಾತ್ರ ಹೇಳ್ದೆ, ಅವ್ನು ಗೌರಿಬಿದನೂರಲ್ಲಿ ಕಣ್ಣಿನ ಕ್ಯಾಂಪ್ ಐತೆ, ಭಾನುವಾರ ಕರ್ಕೊಂಡೋಗ್ತೀನಿ ಅಂದ."

"ಮತ್ತೆ ಯಾಕೆ ಹೋಗ್ಲಿಲ್ಲ?"

"ಮಗೀಗೆ ಬೊಂತೆ ಹೊಲಿದಿದ್ದೆ ಸಾರ್. ಕಣ್ಣು ಕೆಟ್ಟಿದ್ರೆ ಹೊಲಿಗೆ ಸೊಟ್ಟಗೆ ಬೀಳ್ಬೇಕಲ್ಲ, ಅದನ್ನ ನೋಡಿ ತೀರ್ಮಾನ ಮಾಡಣ ಅಂದ್ಕೊಂಡೆ. ಊರಿಂದ ಬಂದು ಕೈಯಾಡ್ಸಿ ನೋಡಿದೀನಿ, ಒಂದೊಂದು ಸಾಲೂ ನೆಟ್ಟಗಿತ್ತು. ಹಂಗಾದ್ರೆ ಏನೂ ಇಲ್ಲ, ವಯಸ್ಸಿನ ಮಬ್ಬು ಅಂತ ಸುಮ್ನಾಗ್ಬಿಟ್ಟೆ." ಅವಳು ಅಮ್ಮಾಜಮ್ಮನ ದನಿ ಬರಬಹುದಾದ ಕಡೆ ತಿರುಗಿದಳು. "ನೆಟ್ಟಗಿತ್ತು ಅಲ್ವೇನೇ ಅಮ್ಮಾಜಿ? ನೀನೂ ನೋಡಿದ್ದೆಯಲ್ಲ."

ಈಗ ಹೇಳಬೇಕಿತ್ತು. ಅಮ್ಮಾಜಮ್ಮ ಬಾಯಿ ತೆರೆದಳು. ಮೂವತ್ತು ವರ್ಷ ಮುಚ್ಚಿ ಅಭ್ಯಾಸವಾದ ಬಾಯಿ.

"ಹೂಂ ಅಕ್ಕ," ಎಂದಳು.

ಊರಿಗೆ ಬಂದ ಮೇಲೆ ಅಮ್ಮಾಜಮ್ಮನಿಗೆ ಅನ್ನ ಇಳಿಯಲಿಲ್ಲ. ಹುಳಕ್ಕೆ ಸೊಪ್ಪು ಹಾಕುವಾಗ ಪಕ್ಕದಲ್ಲಿ ಅಕ್ಕ ನಿಲ್ಲುತ್ತಿದ್ದ ಜಾಗ ಖಾಲಿ ಇರುತ್ತಿತ್ತು. ಅಕ್ಕ ಈಗ ಜಗುಲಿಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಮಗುವನ್ನು ಹಾಕಿಕೊಂಡು ಕೂರುತ್ತಿದ್ದಳು. ಅವಳ ದನಿ ಕೇಳಿದರೆ ಮಗು ನಗುತ್ತಿತ್ತು. ನಗುವುದು ಅವಳಿಗೆ ಕಾಣುತ್ತಿರಲಿಲ್ಲ, ಪಕ್ಕದವರು ಹೇಳಬೇಕಿತ್ತು.

ಹೇಳದಿದ್ದರೇನು ಎಂದೂ ಅಮ್ಮಾಜಮ್ಮ ಯೋಚಿಸಿದಳು. ಹೋದ ಕಣ್ಣು ಬರುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಬಂದವರೆಲ್ಲರ ಮುಂದೆ ಮುನಿಗಂಗಮ್ಮ ಅದೇ ಕಥೆ ಹೇಳುತ್ತಿದ್ದಳು. "ನಂದೇ ತಪ್ಪು ಕಣ್ರಮ್ಮ. ಹೊಲಿಗೆ ನೆಟ್ಟಗೈತೆ ಅಂತ ಮೋಸ ಹೋದೆ. ನನ್ನ ಕೈಯೇ ನಂಗೆ ಮೋಸ ಮಾಡ್ತು." ಒಂದು ದಿನ ಗಂಡ ವೆಂಕಟರವಣಪ್ಪ, "ಕ್ಯಾಂಪಿಗೆ ಹೋಗೋಕೆ ನಿನಗೇನಾಗಿತ್ತು ಧಾಡಿ," ಎಂದು ಎಲ್ಲರ ಎದುರಿಗೆ ಗದರಿದ. ಮುನಿಗಂಗಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ಆ ತಗ್ಗಿದ ತಲೆಯನ್ನು ಅಮ್ಮಾಜಮ್ಮನಿಂದ ನೋಡಲಾಗಲಿಲ್ಲ.

ಮಾರನೇ ದಿನ ಮಧ್ಯಾಹ್ನ, ಮಗು ಜೋಲಿಯಲ್ಲಿ ನಿದ್ದೆ ಹೋಗಿತ್ತು. ಅಮ್ಮಾಜಮ್ಮ ಬೊಂತೆಯನ್ನು ತಂದು ಬಿಸಿಲಿಗೆ ಎತ್ತಿ ಹಿಡಿದಳು. ಎಳೇ ಹಳದಿ ರೇಷ್ಮೆಯ ಮೇಲೆ ತನ್ನ ನೆಟ್ಟಗಿನ ಸಾಲುಗಳು. ಅವುಗಳ ಕೆಳಗೆ, ಸಣ್ಣ ಸಣ್ಣ ತೂತುಗಳ ಇನ್ನೊಂದು ಸಾಲು, ನಡುವೆ ಬಂದು ಜಾರಿ ಮೇಲೆದ್ದದ್ದು. ಅಕ್ಕ ಅವತ್ತು ತಡವಿದ್ದು ದಪ್ಪ ದಾರವನ್ನು. ತೂತು ಬೆರಳಿಗೆ ಸಿಕ್ಕಿರಲಿಲ್ಲ, ಸಿಗಬೇಕಾದರೆ ಹುಡುಕಬೇಕಿತ್ತು.

ಅವಳು ಹೋಗಿ ಅಕ್ಕನ ಮುಂದೆ ಬೊಂತೆ ಹಾಸಿ ಕೂತಳು. ಅಕ್ಕನ ತೋರುಬೆರಳು ಹಿಡಿದು, ದಾರದ ಮೇಲಲ್ಲ, ಬದಿಯ ಮೊದಲನೇ ತೂತಿನ ಮೇಲೆ ಉಗುರು ತಾಗುವಂತೆ ಇಟ್ಟಳು.

"ಏನೇ ಇದು?"

"ನಿಧಾನಕ್ಕೆ ಹೋಗು ಅಕ್ಕ. ತೂತು ಸಿಗುತ್ತೆ. ಅದನ್ನ ಹಿಡ್ಕೊಂಡು ಹೋಗು."

ಮುನಿಗಂಗಮ್ಮನ ಉಗುರು ಒಂದು ತೂತಿನಿಂದ ಇನ್ನೊಂದಕ್ಕೆ ಹೊರಟಿತು. ಮೊದಲು ದಾರದ ಜೊತೆಜೊತೆಗೇ ಹೋಯಿತು. ನಡುವೆ ದಾರ ನೆಟ್ಟಗೆ ಮುಂದಕ್ಕೆ ಹೋದರೂ ತೂತು ಕೆಳಕ್ಕೆ ಕರೆಯಿತು. ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಬಂದು, ಅದೇ ಜಾಗವನ್ನು ಇನ್ನೊಮ್ಮೆ ಮುಟ್ಟಿತು. ಆಮೇಲೆ ಇಳಿಯಿತು, ಇಳಿದು ಮೇಲೆದ್ದಿತು. ಅವಳು ಪಕ್ಕದ ಸಾಲು ಹುಡುಕಿದಳು. ಅದೂ ಹಾಗೇ. ಅದರಾಚೆಯದೂ ಹಾಗೇ.

"ಇದು ನಂದು," ಎಂದಳು.

"ಹೂಂ."

"ಮೇಲಿರೋ ದಾರ?"

"ನಂದು ಅಕ್ಕ." ಅಮ್ಮಾಜಮ್ಮ ಬೊಂತೆಯ ಅಂಚು ಹಿಡಿದುಕೊಂಡಳು. "ನೀನು ಗೃಹಪ್ರವೇಶಕ್ಕೆ ಹೋದಾಗ ಬಿಚ್ಚಿ ಹೊಲಿದೆ. ಯಾಮಿನಿ ಮದ್ವೆ ಸಿಟ್ಟಿಗೆ ಬೇಕಂತ ಸೊಟ್ಟ ಹೊಲಿದಿದ್ದೀಯ ಅಂದ್ಕೊಂಡ್ಬಿಟ್ಟೆ. ನಿಂಗೆ ಗೊತ್ತಾಗ್ಬಾರ್ದು ಅಂತ ನಿನ್ನ ಥರಾನೇ ಗಂಟು ಹಾಕ್ದೆ."

ಜೋಲಿಯ ಹಗ್ಗ ಒಮ್ಮೆ ಕಿರ್ರೆಂದಿತು, ಮಗು ಏಳಲಿಲ್ಲ. ಮುನಿಗಂಗಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಕಾಣದ ಕಣ್ಣನ್ನು ಬೊಂತೆಯ ಮೇಲೇ ಇಟ್ಟುಕೊಂಡು, ಒಳಕ್ಕೆ ಮುಚ್ಚಿದ್ದ ಜೋಡಿಗಂಟನ್ನು ಬೆರಳಲ್ಲಿ ಹುಡುಕಿ ಹಿಡಿದಳು.

"ಬೈಬಾರ್ದಿತ್ತೇನೇ ಅಮ್ಮಾಜಿ?" ಎಂದಳು ಕಡೆಗೆ. "ನನ್ನ ಮಗಳ ಬೊಂತೆ ಹಾಳ್ ಮಾಡ್ದೆ ಅಂತ ಬೀದಿಗೆ ನಿಂತು ಬೈದಿದ್ರೂ ಸಾಕಿತ್ತಲ್ಲೇ. ಒಂದೇ ಒಂದು ಮಾತು."

 ಅಮ್ಮಾಜಮ್ಮ ಕಾದಳು. ಹಾಲು ಒಡೆದಾಗ, ರೇಟು ಬಿದ್ದಾಗ, ಕನಕರಾಜನ ಸಂಬಂಧ ತಪ್ಪಿದಾಗ ಅಕ್ಕ ಹೇಳಿದ್ದ ಆ ಒಂದು ಮಾತು ಈಗಲೂ ಬರುತ್ತದೆ, ಬಂದ ಮೇಲೆ ಸೆರಗು ಕೊಡವಿ ಏಳುತ್ತಾಳೆ ಎಂದು ಅವಳ ಬಾಯನ್ನೇ ನೋಡುತ್ತಾ ಕಾದಳು. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಹೋಯಿತು.

ಮುನಿಗಂಗಮ್ಮನ ಬಾಯಿಂದ ಆ ಮಾತು ಬರಲಿಲ್ಲ. ಅವಳ ಬೆರಳು ಬೊಂತೆಯ ಮೇಲೆ ಮುಂದಿನ ಸಾಲನ್ನು ಹುಡುಕುತ್ತಿತ್ತು.